ಪಿಯಾನೋ ಕೇಳಿಸುವವರೆಗೆ

ಸೆರ್ಪಿನ್ ಬಾಯಮ್ಮನ ಮನೆಗೂ ನನ್ನ ಚಾದಂಗಡಿಗೂ ನಡುವೆ ಒಂದೇ ಗೋಡೆ. ಹಾಗಾಗಿ ಜಾಜ್ ಎನ್ನುವ ಆ ಗಲಾಟೆ ಸಂಗೀತ ನನಗೆ ಬೇಕಿದ್ದರೂ ಬೇಡವಾಗಿದ್ದರೂ ಬಾಯಿಪಾಠವಾಗಿ ಹೋಗಿತ್ತು. ನಾನು ಮದುವೆಯಾಗಿ ಈ ಊರಿಗೆ ಬಂದ ಮಾರನೆಯ ಬೆಳಿಗ್ಗೆಯೇ ಅದನ್ನು ಕೇಳಿದ್ದು. ಬನ್ಸಿನ ಹಿಟ್ಟು ನಾದುತ್ತಿದ್ದವಳು ಬೆಚ್ಚಿಬಿದ್ದು, ಪಕ್ಕದಲ್ಲಿ ಯಾರದ್ದಾದರೂ ಪಾತ್ರೆಯ ಅಟ್ಟ ಕುಸಿಯಿತಾ ಎಂದು ಅತ್ತೆಯನ್ನು ಕೇಳಿದೆ. ಅವರು ಒಲೆಗೆ ಸೌದೆ ತುರುಕುತ್ತಾ, ‘ಹಾಗೆಂತದೂ ಇಲ್ಲ, ಬಾಯಮ್ಮನ ಗಂಡ ಬದುಕಿದ್ದಾನೆ ಅಂತ ಅರ್ಥ’ ಎಂದರು. ಎಂಥಾ ಊರಿಗೆ ಕೊಟ್ಟುಬಿಟ್ಟರಪ್ಪ ನನ್ನನ್ನು ಎಂದು ಆವತ್ತು ಅಳು ಬಂದದ್ದು ನಿಜ.

ನಿಧಾನಕ್ಕೆ ಎಲ್ಲ ಅಭ್ಯಾಸವಾಯಿತು. ಈ ಊರಿನಲ್ಲಿ ರೆಕಾರ್ಡಾಗಲಿ ಕ್ಯಾಸೆಟ್ಟಾಗಲಿ, ಅದರಲ್ಲಿ ಹಾಡಿದವರು ಬಾರಿಸಿದವರು ಜೀವದಿಂದ ಇರುವವರೆಗೆ ಮಾತ್ರ ಕೇಳಿಸುತ್ತದೆ. ಅವರು ಲೋಕದ ಯಾವ ಮೂಲೆಯಲ್ಲಿ ಕಣ್ಣು ಮುಚ್ಚಿದರೂ ಇಲ್ಲಿ ಅವರ ದನಿಯೊಂದು ಎದ್ದು ಹೋಗುತ್ತದೆ, ಉಳಿದವರದ್ದು ಇದ್ದ ಹಾಗೇ ಇರುತ್ತದೆ. ಅದೇ ರೆಕಾರ್ಡನ್ನು ಹೊಳೆಯ ಕಡವು ದಾಟಿಸಿ ಆಚೆ ದಡದಲ್ಲಿ ಹಾಕಿದರೆ ಸತ್ತವರೂ ಬದುಕಿದ್ದವರೂ ಒಟ್ಟಿಗೆ ಹಾಡುತ್ತಾರಂತೆ. ನಮ್ಮವರು ಹಾಗೆ ಹೋಗಿ ಕೇಳುವುದಿಲ್ಲ, ಅದು ಒಳ್ಳೆಯದಲ್ಲ ಎನ್ನುತ್ತಾರೆ. ಅದರ ಬದಲು ಇಲ್ಲಿ ದನಿ ಕೊಡುವ ಪದ್ಧತಿ ಉಂಟು. ಯಾರದ್ದಾದರೂ ದನಿ ಹೋಯಿತೆಂದರೆ ನೆಂಟರಿಷ್ಟರೆಲ್ಲ ಸೇರಿ ಅವರ ರೆಕಾರ್ಡನ್ನು ಹಾಕುವುದು, ಖಾಲಿಯಾದ ಜಾಗ ಬಂದಾಗ ಹತ್ತಿರದವರೊಬ್ಬರು ಎದ್ದು ತಮ್ಮ ಬಾಯಿಂದ ಅದನ್ನು ತುಂಬುವುದು. ಒಮ್ಮೆ ತುಂಬಿದವರು ಆ ಜಾಗವನ್ನು ಕೊನೆಯವರೆಗೆ ನೋಡಿಕೊಳ್ಳಬೇಕು. ಊರಿನ ಟಾಕೀಸಿನಲ್ಲಿ ಇದೇ ಒಂದು ಉದ್ಯೋಗ. ಹಳೆಯ ಸಿನಿಮಾದ ಹೀರೋಗಳೆಲ್ಲ ಸತ್ತು ಬರೀ ತುಟಿ ಆಡಿಸುತ್ತಿದ್ದರೆ, ಪರದೆಯ ಪಕ್ಕ ಮೈಕು ಹಿಡಿದು ಕೂತ ಲಿಗೋರ್ ಪೊರ್ಬು ಅವರಿಗೆಲ್ಲ ಮಾತು ಕೊಡುತ್ತಿದ್ದ. ಹೀರೋನ ತಾಯಿ ಸತ್ತಿದ್ದರೆ ಅವಳ ಅಳುವನ್ನೂ ಅವನೇ ಅಳುತ್ತಿದ್ದ. ಜನ ನಗುತ್ತಿರಲಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದರು.

ಬಾಯಮ್ಮನ ಗಂಡ ಮಿಂಗೆಲ್ ಇಗರ್ಜಿಯ ಹಳೇ ಹಾರ್ಮೋನಿಯಂ ಮೇಲೆ ಕೈ ತಿದ್ದಿಕೊಂಡು, ಹಡಗಿನವರ ಕ್ಲಬ್ಬಿನ ಪಿಯಾನೋದಲ್ಲಿ ಪಳಗಿದವನು. ಮದುವೆಯಾಗಿ ಒಂದು ವರ್ಷ ಸಂಸಾರ ಮಾಡಿ, ದೊಡ್ಡ ಪಟ್ಟಣದ ಹೋಟೆಲಿನಲ್ಲಿ ಬಾರಿಸಲಿಕ್ಕೆ ಹೋದ. ಒಂದು ನೆಲೆಯಾದ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೋದವನು ಕರೆಸಿಕೊಳ್ಳಲಿಲ್ಲ. ಆದರೆ ಅಂಚೆಯಲ್ಲಿ ಒಂದು ರೆಕಾರ್ಡು ಬಂತು. ‘ಮಿಂಗೆಲ್ ಐವರು’ ಎಂದು ದೊಡ್ಡ ಅಕ್ಷರ, ಕಪ್ಪು ಕೋಟು ಹಾಕಿಕೊಂಡು ಪಿಯಾನೋದ ಮುಂದೆ ಕೂತ ಮಿಂಗೆಲ್, ಹಿಂದೆ ನಾಲ್ವರು. ಎರಡನೇ ಬದಿಯ ಕೊನೆಗೆ ಒಂದು ನಿಧಾನದ ಟ್ಯೂನು, ಅದಕ್ಕೆ ಬಾಯಮ್ಮನ ಹೆಸರೇ ಇಟ್ಟಿದ್ದ. ಆಮೇಲೆ ಸ್ವಲ್ಪ ಕಾಲ ಕಾಗದ ಬರುತ್ತಿತ್ತು, ಮತ್ತೆ ಅದೂ ನಿಂತಿತು. ಆಗಿನಿಂದ ಬಾಯಮ್ಮ ದಿನಾ ಬೆಳಿಗ್ಗೆ ಹೊಲಿಗೆಗೆ ಕೂರುವ ಮೊದಲು ಆ ರೆಕಾರ್ಡನ್ನು ಹಾಕುವುದು. ಪಿಯಾನೋ ಕೇಳಿಸಿದರೆ ಗಂಡ ಇದ್ದಾನೆ. ಕೇಳಿಸಿದ ಮೇಲೆಯೇ ಅವರು ಮದುಮಗಳ ಗೌನಿಗೆ ಸೂಜಿ ಹಾಕುತ್ತಿದ್ದದ್ದು.

ಕೇಳುತ್ತಾ ಕೇಳುತ್ತಾ ನನಗೂ ಅದರ ರುಚಿ ಹತ್ತಿತು ಎನ್ನಿ. ಟ್ರಂಪೆಟ್ಟೂ ಸ್ಯಾಕ್ಸೋಫೋನೂ ಒಟ್ಟಿಗೆ ಏನೋ ಒಂದು ಮಾತು ಎತ್ತುತ್ತವೆ. ಪಿಯಾನೋ ಹೌದೌದು ಎಂದು ನಡುನಡುವೆ ತಲೆ ಹಾಕುತ್ತದೆ. ಆಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಕಷ್ಟ ಸುಖ ಹೇಳಿಕೊಳ್ಳುತ್ತಾರೆ, ಉಳಿದವರು ತಾಳ ಬಿಡದೆ ಕಾದು ಕೂರುತ್ತಾರೆ. ನಮ್ಮ ಅಂಗಡಿಯ ಬೆಂಚಿನಲ್ಲಿ ಬೆಳಿಗ್ಗೆ ನಡೆಯುವುದೂ ಅದೇ ಅಲ್ಲವಾ. ನನ್ನ ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ಮೊದಲು ಡ್ರಮ್ಮು ಹೋಯಿತು. ಬಾಯಮ್ಮ ನೈಟಿಯಲ್ಲೇ ಓಡಿ ಬಂದು ನನ್ನ ಕೈ ಹಿಡಿದುಕೊಂಡರು. ಹೋದದ್ದು ಪಿಯಾನೋ ಅಲ್ಲವಲ್ಲ ಎಂದು ಅವರ ಮುಖದಲ್ಲಿ ಗೆಲುವು. ಎಲ್ಲಿಯೋ ಒಬ್ಬ ಹೆಂಗಸು ಗಂಡನನ್ನು ಕಳೆದುಕೊಂಡಳು, ನನಗೆ ನೋಡು ಸಂತೋಷ ಆಗ್ತಾ ಉಂಟು, ನಾನೆಂಥ ಪಾಪಿ ಎಂದು ಹೇಳಿ ಸೀದಾ ಇಗರ್ಜಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದರು. ಆ ಡ್ರಮ್ಮಿನವನಿಗೆ ಇಲ್ಲಿ ಯಾರಿದ್ದಾರೆ? ಗೋಡೆಯ ಈಚೆ ನಾನೇ ತಾನೇ ಹತ್ತಿರದವಳು. ಮರದ ಹಲಗೆಯ ಮೇಲೆ ಬನ್ಸಿನ ಹಿಟ್ಟು ಬಡಿಯುತ್ತಾ ಆ ಜಾಗಕ್ಕೆ ನಾನು ಸೇರಿಕೊಂಡೆ. ನನ್ನ ಬನ್ಸು ಮೆತ್ತಗೆ ಬರುವುದಕ್ಕೆ ಅದೇ ಕಾರಣ ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ.

ಟ್ರಂಪೆಟ್ ಹೋದಾಗ ಲಿಗೋರ ತಾನಾಗಿಯೇ ಬಂದ. ಟಾಕೀಸಿನ ಕೆಲಸ ಮಧ್ಯಾಹ್ನದ ಮೇಲೆ, ಬೆಳಿಗ್ಗೆ ನನಗೇನು ಕೆಲಸ ಎಂದು ಹೇಳಿ ಬಾಯಮ್ಮನ ಕಿಟಕಿಯ ಕಟ್ಟೆಯಲ್ಲಿ ಕೂತು, ಮುಷ್ಟಿಯನ್ನು ತುಟಿಗೆ ಹಚ್ಚಿ ಊದಿದ. ಅಪ್ಪಟ ಟ್ರಂಪೆಟ್ಟೇ. ಮತ್ತೆ ಸ್ಯಾಕ್ಸೋಫೋನ್ ಹೋದಾಗ ಬೇರೆ ಯಾರೂ ಸಿಗದೆ ಅದನ್ನೂ ಅವನೇ ಹೊತ್ತುಕೊಂಡ. ದಿನಾ ಬರುತ್ತಿದ್ದ, ಊದುತ್ತಿದ್ದ, ನನ್ನ ಅಂಗಡಿಯ ಚಾ ಕುಡಿದು ಹೋಗುತ್ತಿದ್ದ. ಯಾರಿಗೆ ಗೊತ್ತಾಗುವುದಿಲ್ಲ ಹೇಳಿ. ಕಡವಿಗೆ ಮೋಟಾರು ದೋಣಿ ಬಂದ ವರ್ಷ ಅವನು ಮೆಲ್ಲಗೆ ನನ್ನ ಹತ್ತಿರ ಬಾಯಿ ಬಿಟ್ಟ. ಬಾಯಮ್ಮನನ್ನು ಕೇಳಿ ನೋಡ್ತೀರಾ ಜಲಜಕ್ಕ, ನಾನು ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದ. ನನಗೂ ಅದು ಸರಿ ಕಂಡಿತು. ಬಾಯಮ್ಮನಿಗೆ ಆಗ ಇನ್ನೂ ವಯಸ್ಸಿತ್ತು, ಕೂದಲು ಕಪ್ಪಿತ್ತು. ನಾನು ಹೋಗಿ ಕೇಳಿದೆ.

ಬಾಯಮ್ಮ ಸಿಟ್ಟಾಗಲಿಲ್ಲ. ಕತ್ತರಿಸುತ್ತಿದ್ದ ಬಟ್ಟೆಯನ್ನು ಮಡಚಿ ಮಡಿಲಿನಲ್ಲಿಟ್ಟುಕೊಂಡರು. ಅವರ ಮನಸ್ಸಿನಲ್ಲಿ ಲಿಗೋರ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವನು ಬರುವ ಹೊತ್ತಿಗೆ ಅವರು ಕಿಟಕಿಯ ಪರದೆ ಸರಿಸಿಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಕೊನೆಗೆ ಹೇಳಿದ್ದು ಇಷ್ಟೆ: ‘ಪಿಯಾನೋ ಕೇಳಿಸ್ತದಲ್ಲ ಜಲಜಾ. ಕೇಳಿಸುವವರೆಗೆ ನಾನು ಮಿಂಗೆಲನ ಹೆಂಡತಿ.’ ಹೋಗಿ ಲಿಗೋರನಿಗೆ ಹೇಳಿದೆ. ಅವನು ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಬಂದು ಕಟ್ಟೆಯಲ್ಲಿ ಕೂತು ಎಂದಿನ ಹಾಗೆಯೇ ಊದಿದ. ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಅವನೂ ಮದುವೆಯಾಗಲಿಲ್ಲ. ಬಾಯಮ್ಮನ ಕೂದಲು ಬೆಳ್ಳಗಾಯಿತು, ಅವನ ಮುಂದಿನ ಹಲ್ಲು ಅಲುಗಾಡಲಿಕ್ಕೆ ಶುರುವಾಗಿ ಟ್ರಂಪೆಟ್ಟಿನಲ್ಲಿ ಗಾಳಿ ಸೋರಲಿಕ್ಕೆ ಹತ್ತಿತು. ಪಿಯಾನೋ ಮಾತ್ರ ಒಂದು ಚೂರೂ ಮುದಿಯಾಗದೆ ಬಾರಿಸುತ್ತಲೇ ಇತ್ತು.

ಮೊನ್ನೆ ಮಳೆಗಾಲ ಮುಗಿದ ಮೇಲೆ, ಬೆಳಗಿನ ಮೊದಲ ದೋಣಿಯಲ್ಲಿ ಒಬ್ಬರು ಮುದುಕರು ಬಂದಿಳಿದರು. ಹಳೇ ಕೋಟು, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಚೌಕದ ವಸ್ತು. ನನ್ನ ಬೆಂಚಿನಲ್ಲಿ ಕೂತು, ಈ ಊರಿನಲ್ಲಿ ಸತ್ತವರು ಕೇಳಿಸುವುದಿಲ್ಲವಂತೆ ಹೌದಾ ಎಂದು ವಿಚಾರಿಸಿದರು. ಹೌದು, ಚಾಕ್ಕೆ ಸಕ್ಕರೆ ಎಷ್ಟು ಎಂದು ನಾನು ಕೇಳಿದೆ. ಅವರು ಬಟ್ಟೆ ಬಿಚ್ಚಿದಾಗ ಅದೇ ರೆಕಾರ್ಡು, ಅದೇ ಕವರು. ಅದರ ಮೇಲಿನ ನಾಲ್ವರಲ್ಲಿ ದೊಡ್ಡ ಪಿಟೀಲಿನ ಹಾಗಿನ ಬೇಸನ್ನು ತಬ್ಬಿಕೊಂಡು ನಿಂತವರು ಇವರೇ, ಹೆಸರು ಬಸ್ತ್ಯಾಂವ್. ಬ್ಯಾಂಡು ಒಡೆದ ಮೇಲೆ ಯಾರು ಎಲ್ಲಿ ಎಂದು ಗೊತ್ತಾಗಲಿಲ್ಲ, ನನಗೂ ಹೋಗುವ ವಯಸ್ಸಾಯಿತು, ಯಾರು ಇದ್ದಾರೆ ಯಾರು ಇಲ್ಲ ಎಂದು ಒಮ್ಮೆ ತಿಳಿದುಕೊಳ್ಳಬೇಕು ಅನಿಸಿತು ಎಂದರು. ಈ ಊರಿನ ವಿಷಯ ಮಿಂಗೆಲ್ ಹೇಳುತ್ತಿದ್ದನಂತೆ, ಇವರೆಲ್ಲ ಆಗ ನಕ್ಕಿದ್ದರಂತೆ. ಮಿಂಗೆಲ್ ಮನೆಯಲ್ಲಿ ಇದ್ದಾನಾ ಎಂದು ಅವರು ಕೇಳಿದರು. ಮನೆಯಲ್ಲಿ ಇಲ್ಲ, ಆದರೆ ಎಲ್ಲಿಯೋ ಚೆನ್ನಾಗಿದ್ದಾರೆ ಎಂದು ಹೇಳಿ, ಒಲೆಯನ್ನು ಸಣ್ಣ ಮಾಡಿ, ಅವರನ್ನು ಪಕ್ಕದ ಮನೆಗೆ ಕರೆದುಕೊಂಡು ಹೋದೆ.

ಬಾಯಮ್ಮನ ಸಂಭ್ರಮವನ್ನು ಏನು ಹೇಳಲಿ. ಗಂಡನ ಜೊತೆ ನಿಂತು ಬಾರಿಸಿದ ಮನುಷ್ಯ ಮನೆ ಬಾಗಿಲಿಗೆ ಬಂದಿದ್ದಾರೆ. ಕುರ್ಚಿ ಒರೆಸಿದರು, ಕೋಟು ತೂಗು ಹಾಕಿದರು, ಲಿಗೋರನನ್ನು ಪರಿಚಯಿಸುವಾಗ ಇವರು ನಮ್ಮ ಟ್ರಂಪೆಟ್ಟು ಎಂದರು. ರೆಕಾರ್ಡು ಹಾಕಿದರು. ಪಿಯಾನೋ ಶುರುವಾಯಿತು, ಅದರ ಅಡಿಯಲ್ಲಿ ದಪ್ಪ ದನಿಯ ಬೇಸು. ತನ್ನದೇ ಬೇಸನ್ನು ಕೇಳಿ ಬಸ್ತ್ಯಾಂವರು ಕಣ್ಣು ಮುಚ್ಚಿಕೊಂಡರು. ಇಂದು ಯಾರೂ ತುಂಬಬಾರದು, ನನಗೆ ಲೆಕ್ಕ ಸಿಗಬೇಕು ಎಂದು ಮೊದಲೇ ಹೇಳಿದ್ದರಿಂದ ನಾವು ಸುಮ್ಮನಿದ್ದೆವು. ಟ್ರಂಪೆಟ್ಟಿನ ಜಾಗ ಬಂತು, ಅವರು ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಸ್ಯಾಕ್ಸೋಫೋನಿಗೂ ಡ್ರಮ್ಮಿಗೂ ಹಾಗೆಯೇ. ಟ್ಯೂನು ಮುಗಿದಾಗ ಕೆನ್ನೆ ಒದ್ದೆಯಾಗಿತ್ತು, ಆದರೂ ಮುಖ ಅರಳಿತ್ತು. ‘ಹಿಲ್ಡಾ ಇನ್ನೂ ಇದ್ದಾಳೆ. ದೇವರು ದೊಡ್ಡವನು’ ಎಂದರು.

ಹಿಲ್ಡಾ ಯಾರು ಎಂದು ಬಾಯಮ್ಮ ನಗುನಗುತ್ತಲೇ ಕೇಳಿದರು. ಕವರಿನ ಮೇಲೆ ಹೆಂಗಸು ಯಾರೂ ಇಲ್ಲವಲ್ಲ ಎಂದು ನನಗೂ ಅನ್ನಿಸಿತು. ಬಸ್ತ್ಯಾಂವರು, ಇವರಿಗೆ ಗೊತ್ತಿರಲೇಬೇಕು ಎನ್ನುವ ಹಾಗೆ, ‘ಪಿಯಾನೋ ಬಾರಿಸಿದವಳು’ ಎಂದುಬಿಟ್ಟರು. ನನ್ನ ಕೈಯಲ್ಲಿದ್ದ ಚಾದ ಲೋಟವನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಹಿಡಿದುಕೊಂಡೇ ನಿಂತೆ.

ಆಮೇಲೆ ಆ ಮುದುಕರು ಹೇಳಿದ್ದನ್ನು ಹೇಳುತ್ತೇನೆ. ರೆಕಾರ್ಡಿಂಗಿನ ದಿನ ಟ್ಯಾಕ್ಸಿಯಿಂದ ಇಳಿಯುವಾಗ ಮಿಂಗೆಲನ ಬಲಗೈ ಬಾಗಿಲಿಗೆ ಸಿಕ್ಕಿ ಜಜ್ಜಿಹೋಯಿತು. ಕಂಪನಿಯವರು ಅದೊಂದು ದಿನ ಬಿಟ್ಟರೆ ಮತ್ತೆ ಕರೆಯುವವರಲ್ಲ. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದ ಹಿಲ್ಡಾ ಎಂಬವಳನ್ನು ಓಡಿಹೋಗಿ ಕರೆತಂದರು. ಮಿಂಗೆಲ್ ಬರೆದದ್ದನ್ನು ನೋಡಿ ಅವಳು ಬಾರಿಸಿದಳು, ಅವನು ಕೈಗೆ ಬಟ್ಟೆ ಸುತ್ತಿಕೊಂಡು ದಿನವಿಡೀ ಅವಳ ಬೆನ್ನ ಹಿಂದೆ ನಿಂತಿದ್ದ. ಬಾಯಮ್ಮನ ಹೆಸರಿನ ಟ್ಯೂನನ್ನು ಮತ್ತೆ ಮತ್ತೆ ಬಾರಿಸಿಸಿದನಂತೆ. ನನ್ನ ಹೆಂಡತಿ ಇಷ್ಟು ಬೇಗ ನಡೆಯುವುದಿಲ್ಲ, ಇನ್ನೂ ನಿಧಾನ ಎನ್ನುತ್ತಿದ್ದನಂತೆ. ಕವರಿನ ಫೋಟೋ ಮೊದಲೇ ತೆಗೆದದ್ದು, ಹೆಸರೂ ಮೊದಲೇ ಅಚ್ಚಾದದ್ದು. ರೆಕಾರ್ಡಿಗೆ ಹೆಸರು ಬಂತು, ಕೈ ಮಾತ್ರ ಸರಿಯಾಗಲಿಲ್ಲ, ಎರಡು ಬೆರಳು ಮಡಚಲಿಕ್ಕೇ ಬರಲಿಲ್ಲ. ಹೋದಲ್ಲೆಲ್ಲ ಜನ ಹಿಡಿದುಕೊಂಡು ಪಿಯಾನೋದ ಮುಂದೆ ಕೂರಿಸುತ್ತಿದ್ದರು, ಇವನು ಏನೇನೋ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಊರಿಗೆ ಹೋಗು ಮಾರಾಯಾ ಎಂದು ಬಸ್ತ್ಯಾಂವರು ಹೇಳಿದ್ದಕ್ಕೆ, ಅಲ್ಲಿಯೂ ಮೊದಲು ಅದನ್ನೇ ಮಾಡುತ್ತಾರೆ, ಅವಳ ಎದುರು ಏನೆಂದು ಕೂರಲಿ ಎಂದನಂತೆ. ಒಂದು ದಿನ ಹೋಟೆಲಿನ ಕೋಣೆ ಖಾಲಿಯಿತ್ತು. ಇಲ್ಲಿಗೇ ಬಂದಿರಬೇಕು ಎಂದು ಇವರು ಇಷ್ಟು ಕಾಲ ನಂಬಿಕೊಂಡಿದ್ದರು.

ಅಯ್ಯೋ ಮನುಷ್ಯನೇ, ಕೈ ಹೋದರೆ ಏನು, ಅವಳು ನಿನ್ನ ಕೈಯನ್ನು ಮದುವೆಯಾಗಿದ್ದಳಾ ಎಂದು ನನಗೆ ಗಂಟಲವರೆಗೆ ಬಂತು. ಸತ್ತವನನ್ನು ಬೈದು ಏನು ಮಾಡುವುದು. ಆದರೆ ಆಗ ನಮಗಿನ್ನೂ ಅವನು ಸತ್ತಿದ್ದಾನೆಂದು ಗೊತ್ತಿರಲಿಲ್ಲ. ಬಾಯಮ್ಮ ನಿಧಾನಕ್ಕೆ, ಹಾಗಾದರೆ ಇದರಲ್ಲಿ ಅವರದ್ದು ಎಂತದೂ ಇಲ್ಲವಾ ಎಂದು ಕೇಳಿದರು. ಅವರ ದನಿಯಲ್ಲಿ ಆಸೆ ಇತ್ತು. ಏನೂ ಇಲ್ಲ ಎಂದಿದ್ದರೆ ಬದುಕಿರಬಹುದು ಎಂದಾದರೂ ಇಟ್ಟುಕೊಳ್ಳಬಹುದಿತ್ತು.

‘ಉಂಟಲ್ಲ ಬಾಯಮ್ಮ. ಮೊದಲ ಟ್ಯೂನಿಗೆ ಮುಂಚೆ ಒನ್ ಟೂ ತ್ರೀ ಫೋರ್ ಅಂತ ಎಣಿಸಿ ನಮ್ಮನ್ನು ಹೊರಡಿಸಿದ್ದು ಅವನೇ. ಅಷ್ಟಾದರೂ ನನ್ನದು ಇರಲಿ ಅಂತ ಹಟ ಹಿಡಿದ. ಅದು ಯಾಕೆ ಈಗ...’ ಎಂದು ಹೇಳುತ್ತಿದ್ದ ಬಸ್ತ್ಯಾಂವರು ಅಲ್ಲಿಗೆ ನಿಲ್ಲಿಸಿದರು. ಈಗಷ್ಟೇ ರೆಕಾರ್ಡು ಹಾಕಿದಾಗ ಆ ಎಣಿಕೆ ನಮ್ಮಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಬಾಯಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ, ಮಾರ್ಕೆಟ್ಟಿಗೆ ಬೆಂಕಿ ಬಿದ್ದ ವರ್ಷ ನಾವಿಬ್ಬರೂ ಹೋಗಿ ಅಂಗಡಿಯವನ ಹತ್ತಿರ ಜಗಳ ಮಾಡಿದ್ದು ನೆನಪುಂಟಾ ಎಂದು ಕೇಳಿದರು. ನೆನಪಿಲ್ಲದೆ ಏನು. ಟ್ಯೂನು ಶುರುವಾಗುವ ಮೊದಲು ಯಾರೋ ಗೊಗ್ಗರು ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಗೊಣಗುವುದು ಕೇಳುತ್ತಿತ್ತು. ಒಂದು ದಿನ ಅದು ಕೇಳಿಸಲಿಲ್ಲ. ಸ್ಟುಡಿಯೋದ ಯಾರೋ ಕೆಲಸದವನ ಮಾತು ಎಂದೇ ನಾವು ತಿಳಿದಿದ್ದದ್ದು. ಪಿಯಾನೋ ಇತ್ತಲ್ಲ, ಹಾಗಾಗಿ ರೆಕಾರ್ಡ್ ಪ್ಲೇಯರಿನ ಹೊಸ ಮುಳ್ಳು ಕೆಟ್ಟದ್ದು, ರೆಕಾರ್ಡಿನ ಅಂಚನ್ನು ತಿಂದಿದೆ ಎಂದು ಹೇಳಿ ಪಾಪದ ಅಂಗಡಿಯವನನ್ನು ಬಾಯಿಗೆ ಬಂದ ಹಾಗೆ ಬೈದು, ಬೇರೆ ಮುಳ್ಳು ತಂದಿದ್ದೆವು. ಒಂದು ವರ್ಷ ಜೊತೆಗೆ ಬದುಕಿದ್ದೇನೆ, ಗಂಡನ ದನಿ ನನಗೆ ಗುರುತು ಸಿಗಲಿಲ್ಲವಲ್ಲ ಎಂದರು ಬಾಯಮ್ಮ. ಮನೆಯಲ್ಲಿ ಅವರು ಯಾವತ್ತೂ ಇಂಗ್ಲಿಷ್ ಮಾತಾಡಿದವರಲ್ಲ ಎಂದು ತಾವೇ ಸಮಾಧಾನವನ್ನೂ ಹೇಳಿಕೊಂಡರು.

ಮಾರ್ಕೆಟ್ಟಿಗೆ ಬೆಂಕಿ ಬಿದ್ದದ್ದು ಮೊದಲು, ಮೋಟಾರು ದೋಣಿ ಬಂದದ್ದು ಅದರ ಮುಂದಿನ ವರ್ಷ. ಆ ಲೆಕ್ಕವನ್ನು ನಾನು ಮನಸ್ಸಿನಲ್ಲಿ ಹಾಕಿ ತಲೆ ಎತ್ತುವಷ್ಟರಲ್ಲಿ ಲಿಗೋರನೂ ಹಾಕಿ ಮುಗಿಸಿದ್ದ. ಕಟ್ಟೆಯಿಂದ ಇಳಿದು, ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಟುಹೋದ. ಆ ಸಂಜೆ ಟಾಕೀಸಿನಲ್ಲಿ ಹೀರೋ ಬರೀ ತುಟಿ ಆಡಿಸಿದನಂತೆ, ಜನ ಕೂಗಾಡಿ ಎದ್ದು ಹೋದರಂತೆ. ನಾನು ಅವನ ಕೋಣೆಗೆ ಹೋಗಿ, ಊಟವಾದರೂ ಮಾಡು ಮಾರಾಯಾ ಎಂದೆ. ಅವನು ಗೋಡೆ ನೋಡುತ್ತಾ ಕೂತಿದ್ದ.

‘ನಾನು ಕೇಳುವಾಗ ಅವರು ವಿಧವೆ ಆಗಿದ್ರು ಜಲಜಕ್ಕ. ನನಗೆ ಗೊತ್ತಿರ್ಲಿಲ್ಲ, ಅವರಿಗೂ ಗೊತ್ತಿರ್ಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಹೇಳಿ’ ಎಂದ. ತಂದಿದ್ದ ಊಟದ ಪಾತ್ರೆಯನ್ನು ಅಲ್ಲಿಟ್ಟು ಬಂದೆ.

ದನಿ ಕೊಡುವುದನ್ನು ಆದಿತ್ಯವಾರ ಪೂಜೆಯ ನಂತರ ಬಾಯಮ್ಮನ ಮನೆಯಲ್ಲೇ ಇಟ್ಟುಕೊಂಡರು. ಹೋಗಿ ಎಷ್ಟೋ ವರ್ಷವಾದವನಿಗೆ ಈಗ ದನಿ ಕೊಡುವುದು ಊರಿನಲ್ಲಿ ಯಾರೂ ಕಂಡದ್ದಲ್ಲ, ಆದರೂ ಜನ ಬಂದರು. ಬಾಯಮ್ಮ ಕಪ್ಪು ಉಟ್ಟಿದ್ದರು. ಲಿಗೋರನೂ ಬಂದ, ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು. ಬಂದವನು ಬಾಯಮ್ಮನ ಹತ್ತಿರ ಹೋಗಿ, ಬೇಕಾದರೆ ದೋಣಿ ಮಾಡಿ ಆಚೆ ದಡಕ್ಕೆ ಹೋಗುವ, ಅಲ್ಲಿ ಅವರ ದನಿಯನ್ನು ಒಮ್ಮೆ ಸರಿಯಾಗಿ ಕೇಳಿ ಬನ್ನಿ, ಊರಿನವರು ಏನು ಬೇಕಾದರೂ ಹೇಳಿಕೊಳ್ಳಲಿ ಎಂದ. ಬಾಯಮ್ಮ ಅವನ ಕಡೆ ತಿರುಗಿದರು. ‘ಬೇಡ ಲಿಗೋರ್. ಅಲ್ಲಿ ಕೇಳಿದ್ರೆ ಇದ್ದಾರೆ ಅಂತ ಮತ್ತೆ ಅನಿಸಿಬಿಡ್ತದೆ. ಇನ್ನೊಮ್ಮೆ ಕಾಯ್ಲಿಕ್ಕೆ ನನ್ನಿಂದ ಆಗುವುದಿಲ್ಲ’ ಎಂದರು.

ರೆಕಾರ್ಡು ತಿರುಗಿತು. ಬಾಯಮ್ಮ ಅದರ ಪಕ್ಕ ನಿಂತು, ಮೇಜಿನ ಅಂಚನ್ನು ಹಿಡಿದು, ಒನ್, ಟೂ ಎಂದರು. ತ್ರೀ ಎನ್ನುವ ಮೊದಲೇ ಪಿಯಾನೋ ಹೊರಟುಹೋಯಿತು. ಮುಳ್ಳು ಎತ್ತಿ ಮತ್ತೆ ಇಟ್ಟರು. ಮತ್ತೆ ಹಾಗೆಯೇ ಆಯಿತು. ಅವರು ಎಣಿಸುವುದು ಬಹಳ ನಿಧಾನ, ಅವರ ನಡಿಗೆಯ ಹಾಗೆ. ಮಿಂಗೆಲ್ ಎಷ್ಟು ಚುರುಕಾಗಿ ಎಣಿಸಿದ್ದ ಎಂದು ಅವರಿಗೆ ನೆನಪೇ ಇರಲಿಲ್ಲ. ಕೂತವರೆಲ್ಲ ತಲೆ ತಗ್ಗಿಸಿದರು. ಆಗ ಬಸ್ತ್ಯಾಂವರು ಎದ್ದು ಬಂದು, ಬಾಯಮ್ಮನ ಭುಜದ ಮೇಲೆ ಎರಡು ಬೆರಳಿನಿಂದ ಅವನ ಲಯವನ್ನು ಮೆಲ್ಲಗೆ ತಟ್ಟಿ ತೋರಿಸಿದರು. ಮೂರನೆಯ ಸಲ ಬಾಯಮ್ಮ ಆ ಬೆರಳುಗಳ ಜೊತೆಗೇ ಎಣಿಸಿದರು. ಫೋರ್ ಎಂದ ಕೂಡಲೇ, ಇವರ ಅಪ್ಪಣೆಗೇ ಕಾದಿದ್ದಂತೆ, ಪಿಯಾನೋ ಬಂತು.

ಈಗ ಟ್ರಂಪೆಟ್ಟು ಬರಬೇಕು. ನಾನು ತಂದಿಟ್ಟುಕೊಂಡಿದ್ದ ಹಲಗೆಯ ಮೇಲೆ ಕೈ ಎತ್ತಿದೆ. ಕಿಟಕಿಯ ಕಟ್ಟೆಯಲ್ಲಿ ಕೂತಿದ್ದ ಲಿಗೋರ ಮುಷ್ಟಿಯನ್ನು ತುಟಿಗೆ ಹಚ್ಚಿದ, ಕೆನ್ನೆ ಉಬ್ಬಿಸಿದ, ದನಿ ಮಾತ್ರ ಹೊರಡಲಿಲ್ಲ. ಊರಿನ ಸತ್ತವರಿಗೆಲ್ಲ ಮಾತು ಕೊಟ್ಟವನ ಗಂಟಲಿನಿಂದ ಬರೀ ಗಾಳಿ ಬಂತು. ಮತ್ತೊಮ್ಮೆ ಪ್ರಯತ್ನಿಸಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಪದ್ಧತಿ ತಪ್ಪುತ್ತದಲ್ಲ ಎಂದು ಜನ ಮುಖ ಮುಖ ನೋಡಿಕೊಂಡರು, ಯಾರೋ ಹಿಂದಿನಿಂದ ತಾವೇ ಊದಲಿಕ್ಕೆ ಎದ್ದರು. ಬಾಯಮ್ಮ ಕೈ ತೋರಿಸಿ ಅವರನ್ನು ಕೂರಿಸಿದರು. ಮತ್ತೆ ಕಿಟಕಿಯ ಹತ್ತಿರ ಹೋಗಿ, ಇಡೀ ಊರಿನ ಎದುರು, ಲಿಗೋರನ ಆ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಅವನ ಬಾಯಿಂದ ಕೆಳಗಿಳಿಸಿದರು.

‘ಬಿಡು. ಇವತ್ತು ಖಾಲಿ ಇರಲಿ’ ಎಂದರು.

ನಾನೂ ಎತ್ತಿದ ಕೈಯನ್ನು ಮಡಿಲಿನಲ್ಲಿಟ್ಟುಕೊಂಡೆ. ಬಾಯಮ್ಮ ಕಟ್ಟೆಯಲ್ಲಿ ಅವನ ಪಕ್ಕ ಕೂತರು, ಹಿಡಿದ ಕೈ ಬಿಡಲಿಲ್ಲ. ಇಬ್ಬರೂ ಮುದುಕರಾಗಿದ್ದರು. ಎಲ್ಲಿಯೋ ಬದುಕಿರುವ ಆ ಹಿಲ್ಡಾ ಎಂಬವಳು ಬಸ್ತ್ಯಾಂವರ ಬೇಸಿನ ಜೊತೆ ಬಾರಿಸುತ್ತಾ ಹೋದಳು, ಟ್ರಂಪೆಟ್ಟಿನ ಜಾಗ ಬಂದಾಗಲೆಲ್ಲ ನಾವು ಅಷ್ಟು ಜನರೂ ಉಸಿರು ಬಿಗಿಹಿಡಿದು, ಅಲ್ಲಿ ಏನೂ ಇಲ್ಲದ್ದನ್ನು ಕೇಳಿದೆವು.